ಮನೆಯ ಸ್ನಾನಪುಡಿ: ಒಣಗಿದ್ದು ಡಬ್ಬಿಗೆ, ಕಲಸಿದ್ದು ಅಂದಿಗೆ

ಬೆಂಗಳೂರು: ನೀರು ತುಂಬುವ ಹಬ್ಬದ ಸಂಜೆ ಹಂಡೆಯನ್ನು ಬೆಳಗಿ, ಅರಿಶಿನ ಕುಂಕುಮವಿಟ್ಟು, ಮರುದಿನದ ಎಣ್ಣೆಸ್ನಾನಕ್ಕೆ ಅಣಿಮಾಡುವ ವಾಡಿಕೆ ನಗರದ ಮನೆಗಳಿಂದ ಇನ್ನೂ ಪೂರ್ತಿಯಾಗಿ ಮರೆಯಾಗಿಲ್ಲ. ಹಂಡೆಯ ಸ್ಥಾನಕ್ಕೆ ಗೀಸರ್ ಬಂದಿದೆ, ಒರಳಿನ ಸ್ಥಾನಕ್ಕೆ ಮಿಕ್ಸಿ ಬಂದಿದೆ. ಆದರೂ ನರಕ ಚತುರ್ದಶಿಯ ನಸುಕಿನಲ್ಲಿ ಬಿಸಿ ಎಣ್ಣೆ, ಸೀಗೆಪುಡಿ, ಕಡಲೆಹಿಟ್ಟುಗಳ ವಾಸನೆ ಮೂಗಿಗೆ ತಾಗಿದಾಗಲೇ ಹಬ್ಬ ಬಂತೆಂದು ತಿಳಿಯುವವರು ಬಹಳ ಮಂದಿ.

ಇತ್ತೀಚಿನ ವರ್ಷಗಳಲ್ಲಿ ಈ ವಾಸನೆ ಹಬ್ಬದ ದಿನಕ್ಕಷ್ಟೇ ಸೀಮಿತವಾಗಿ ಉಳಿದಿಲ್ಲ. ಅಂಗಡಿಯ ಸಾಬೂನು, ಶಾಂಪೂಗಳ ಮೇಲೆ ಅಚ್ಚಾಗಿರುವ ಉದ್ದುದ್ದ ಹೆಸರುಗಳನ್ನು ಕಂಡು ಬೇಸತ್ತ ತಂದೆತಾಯಿಯರು ಭಾನುವಾರದ ಬಿಡುವಿನಲ್ಲಿ ಮಕ್ಕಳನ್ನು ಕೂರಿಸಿಕೊಂಡು ಸ್ನಾನದ ಪುಡಿ, ತಲೆಗೆ ಹಚ್ಚುವ ಎಣ್ಣೆ, ಮುಖಕ್ಕೆ ಬಳಿಯುವ ಲೇಪಗಳನ್ನು ಮನೆಯಲ್ಲಿಯೇ ತಯಾರಿಸತೊಡಗಿದ್ದಾರೆ. ಇದು ಸಂತೋಷದ ಸಂಗತಿ. ಆದರೆ ಅಜ್ಜಿಯಿಂದ ಕಲಿತು ಮಾಡುವುದಕ್ಕೂ ಮೊಬೈಲಿನ ವಿಡಿಯೋ ನೋಡಿ ಮಾಡುವುದಕ್ಕೂ ನಡುವೆ ಒಂದು ಅಂತರವಿದೆ. ಅದನ್ನು ಅರಿಯದಿದ್ದರೆ ಸಂತೋಷವು ತುರಿಕೆಯಲ್ಲಿ ಮುಗಿಯಬಹುದು.

ಯಾವತ್ತು ಕಲಸಿದ್ದು?

ಈ ವರದಿಗಾರನ ಅಕ್ಕನ ಮನೆಯಲ್ಲಿ ನಡೆದ ಪ್ರಸಂಗವೊಂದು ಈ ಲೇಖನಕ್ಕೆ ಕಾರಣ. ಅಕ್ಕ ಲೋಳೆಸರದ ತಿರುಳು, ಮೊಸರು, ಹೆಸರುಹಿಟ್ಟು, ಚಿಟಿಕೆ ಅರಿಶಿನ ಸೇರಿಸಿ ಮಿಕ್ಸಿಯಲ್ಲಿ ನುಣ್ಣಗೆ ಮಾಡಿ, ಖಾಲಿಯಾದ ಜಾಮ್ ಬಾಟಲಿಗೆ ತುಂಬಿ ಬಚ್ಚಲುಮನೆಯಲ್ಲಿ ಇಟ್ಟಿದ್ದಳು. ಒಂಬತ್ತು ವರ್ಷದ ಮಗಳು ದಿನವೂ ಅದನ್ನೇ ಹಚ್ಚಿಕೊಂಡು ಸ್ನಾನ ಮಾಡಿದಳು. ವಾರ ಕಳೆಯುವಷ್ಟರಲ್ಲಿ ಹುಡುಗಿಯ ತೋಳು, ಬೆನ್ನುಗಳ ಮೇಲೆ ಸಣ್ಣ ಕೀವುಗುಳ್ಳೆಗಳು ಎದ್ದವು. ಚರ್ಮರೋಗ ತಜ್ಞರ ಬಳಿಗೆ ಹೋಗುವಾಗ ಅಕ್ಕ ಲೇಪಕ್ಕೆ ಹಾಕಿದ್ದ ಪದಾರ್ಥಗಳನ್ನೆಲ್ಲ ಚೀಟಿಯಲ್ಲಿ ಬರೆದುಕೊಂಡು ಹೋಗಿದ್ದಳು. ವೈದ್ಯರು ಚೀಟಿ ನೋಡುವ ಮೊದಲೇ ಕೇಳಿದ್ದು ಒಂದೇ ಪ್ರಶ್ನೆ: ಇದನ್ನು ಯಾವತ್ತು ಕಲಸಿದ್ದು?

ಅಕ್ಕನಿಗೆ ದಿನ ನೆನಪಿರಲಿಲ್ಲ. ಗುಳ್ಳೆಗಳು ಔಷಧದಿಂದ ವಾಸಿಯಾದವು. ಆ ಪ್ರಶ್ನೆ ಮಾತ್ರ ಮನೆಯಲ್ಲಿ ಉಳಿಯಿತು.

ಬಾಟಲಿಯಲ್ಲಿದ್ದ ಯಾವ ಪದಾರ್ಥವೂ ತನ್ನಷ್ಟಕ್ಕೆ ಕೆಟ್ಟದ್ದಲ್ಲ. ಕೆಟ್ಟದ್ದು ಅವುಗಳ ಜತೆಯಲ್ಲಿದ್ದ ನೀರು ಮತ್ತು ಕಳೆದ ದಿನಗಳು. ಹಿಟ್ಟು, ಎಲೆಯ ರಸ, ಮೊಸರು ಇವೆಲ್ಲ ಬ್ಯಾಕ್ಟೀರಿಯಾ ಹಾಗೂ ಬೂಷ್ಟುಗಳಿಗೆ ಮೃಷ್ಟಾನ್ನ. ಅವು ಬೆಳೆಯಲು ಬೇಕಾದದ್ದು ತೇವ ಮತ್ತು ಬೆಚ್ಚನೆಯ ಜಾಗ. ಬಚ್ಚಲುಮನೆಯಲ್ಲಿ ಎರಡಕ್ಕೂ ಕೊರತೆಯಿಲ್ಲ. ಪ್ರತಿದಿನ ಒದ್ದೆ ಕೈ ಅದ್ದಿದಾಗ ಹೊಸ ಸೂಕ್ಷ್ಮಜೀವಿಗಳು ಒಳಗೆ ಸೇರುತ್ತವೆ. ಫ್ರಿಜ್ ಈ ಬೆಳವಣಿಗೆಯನ್ನು ನಿಧಾನಗೊಳಿಸುತ್ತದೆಯೇ ಹೊರತು ನಿಲ್ಲಿಸುವುದಿಲ್ಲ. ಅಂಗಡಿಯ ಲೋಷನ್ ತಿಂಗಳುಗಟ್ಟಲೆ ಕೆಡದೆ ಉಳಿಯುವುದು ಅದರಲ್ಲಿರುವ ಸಂರಕ್ಷಕಗಳಿಂದ. ಆ ಸಂರಕ್ಷಕವನ್ನು ಬೇಡವೆಂದವರು ತಿಂಗಳುಗಟ್ಟಲೆ ಇಡುವ ಆಸೆಯನ್ನೂ ಬಿಡಬೇಕಾಗುತ್ತದೆ.

ನಮ್ಮ ಅಜ್ಜಿಯರು ಸೂಕ್ಷ್ಮಜೀವಿಗಳ ಪಾಠ ಓದಿದವರಲ್ಲ. ಆದರೆ ಉಪ್ಪಿನಕಾಯಿ ಜಾಡಿಗೆ ಒದ್ದೆ ಸೌಟು ತಾಗಿಸಬಾರದೆಂಬುದನ್ನು ಬಲ್ಲವರು. ಬಚ್ಚಲಿನ ಪದಾರ್ಥಗಳಿಗೂ ಅವರು ಅದೇ ನಿಯಮವನ್ನು ಅನ್ವಯಿಸಿದರು. ಡಬ್ಬಿಯಲ್ಲಿ ಇರುತ್ತಿದ್ದದ್ದು ಗರಿಗರಿಯಾಗಿ ಒಣಗಿದ ಪುಡಿ ಅಥವಾ ನೀರಿನಂಶ ಆರುವಂತೆ ಕಾಯಿಸಿದ ಎಣ್ಣೆ. ಕಲಸುತ್ತಿದ್ದದ್ದು ಸ್ನಾನಕ್ಕೆ ಹೋಗುವ ಮುನ್ನ, ಅಂದಿಗೆ ಬೇಕಾದಷ್ಟು ಮಾತ್ರ. ಉಳಿದದ್ದು ಗಿಡದ ಬುಡಕ್ಕೆ. ಮನೆಯಲ್ಲಿ ತಯಾರಿಸುವವರು ಬೇರೆಲ್ಲವನ್ನು ಮರೆತರೂ ಈ ಒಂದು ನಿಯಮವನ್ನು ಮರೆಯದಿದ್ದರೆ ಸಾಕು.

ನೊರೆಯ ಗುಟ್ಟು

ಸೀಗೆಕಾಯಿ ಹಾಗೂ ಅಂಟುವಾಳಗಳು ನೊರೆ ಕೊಡುವುದು ಅವುಗಳಲ್ಲಿರುವ ಸ್ಯಾಪೋನಿನ್ ಎಂಬ ಸಂಯುಕ್ತಗಳಿಂದ. ಸ್ಯಾಪೋನಿನ್ ಕಣದ ಒಂದು ಭಾಗ ನೀರಿಗೆ ಅಂಟಿಕೊಳ್ಳುತ್ತದೆ, ಇನ್ನೊಂದು ಭಾಗ ಜಿಡ್ಡಿಗೆ ಅಂಟಿಕೊಳ್ಳುತ್ತದೆ. ಹೀಗೆ ಜಿಡ್ಡು ನೀರಿನೊಂದಿಗೆ ಕೊಚ್ಚಿಹೋಗುತ್ತದೆ. ಸಾಬೂನು ಕೆಲಸ ಮಾಡುವುದೂ ಇದೇ ತತ್ವದ ಮೇಲೆ. ಆದ್ದರಿಂದ ‘ರಾಸಾಯನಿಕವಿಲ್ಲದ್ದು’ ಎಂಬ ಮಾತು ಅಷ್ಟು ಸರಿಯಲ್ಲ. ಸೀಗೆಯಲ್ಲಿರುವುದೂ ರಾಸಾಯನಿಕವೇ, ಗಿಡ ತಯಾರಿಸಿದ್ದು ಎಂಬುದಷ್ಟೇ ವ್ಯತ್ಯಾಸ. ಕಣ್ಣಿಗೆ ಬಿದ್ದ ಸೀಗೆನೀರಿನ ಉರಿಯನ್ನು ಬಾಲ್ಯದಲ್ಲಿ ಅನುಭವಿಸಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಆದರೂ ಒಂದು ವ್ಯತ್ಯಾಸ ಗಮನಾರ್ಹ. ಆರೋಗ್ಯವಂತ ಚರ್ಮದ ಮೇಲ್ಪದರವು ಸ್ವಲ್ಪ ಆಮ್ಲೀಯ. ಸಾಮಾನ್ಯ ಸಾಬೂನಿನ ಪಿಎಚ್ 9ರಿಂದ 10ರಷ್ಟಿದ್ದು ಕ್ಷಾರೀಯವಾಗಿರುತ್ತದೆ. ಸೀಗೆಯ ನೀರು ಕ್ಷಾರೀಯವಲ್ಲ, ಸೌಮ್ಯವಾಗಿ ಆಮ್ಲೀಯ. ಹೆಸರುಹಿಟ್ಟು, ಕಡಲೆಹಿಟ್ಟುಗಳು ಜಿಡ್ಡನ್ನು ಹೀರಿಕೊಂಡು ಮೃದುವಾಗಿ ಉಜ್ಜಿ ತೆಗೆಯುತ್ತವೆ. ಸಾಬೂನಿನಿಂದ ಚರ್ಮ ಬಿಗಿದು ಒಣಗುತ್ತದೆ ಎನ್ನುವವರಿಗೆ ಹಿಟ್ಟಿನ ಸ್ನಾನ ಹಿತವೆನಿಸುವುದು ಈ ಕಾರಣಕ್ಕೆ.

ತಮಾಷೆಯ ಸಂಗತಿಯೆಂದರೆ, ಸೀಗೆಯನ್ನು ಹಿಂದಕ್ಕೆ ತಳ್ಳಿದ ‘ಶಾಂಪೂ’ ಎಂಬ ಪದವೂ ನಮ್ಮ ದೇಶದ್ದೇ. ಒತ್ತು, ನಾದು ಎಂಬ ಅರ್ಥದ ಹಿಂದಿಯ ‘ಚಾಂಪೋ’ದಿಂದ ಅದು ಹುಟ್ಟಿತು. ಪಟ್ನಾದಲ್ಲಿ ಜನಿಸಿದ ಶೇಕ್ ದೀನ್ ಮಹಮ್ಮದ್ ಎಂಬಾತ ಇಂಗ್ಲೆಂಡಿನ ಬ್ರೈಟನ್ ಪಟ್ಟಣದಲ್ಲಿ 1810ರ ದಶಕದಲ್ಲಿ ತೆರೆದ ಸ್ನಾನಗೃಹಗಳಿಂದ ಆ ಪದ ಅಲ್ಲಿ ಪ್ರಚಾರಕ್ಕೆ ಬಂತು. ಆಗ ಅದರ ಅರ್ಥ ಅಂಗಮರ್ದನ ಎಂದಷ್ಟೇ ಇತ್ತು. ತಲೆತೊಳೆಯುವ ದ್ರವ ಎಂಬ ಅರ್ಥ ಆಮೇಲೆ ಅಂಟಿಕೊಂಡಿತು.

ಮೈಗೆ ಹಚ್ಚುವ ಪುಡಿ

ಒಂದು ಸಣ್ಣ ಕುಟುಂಬಕ್ಕೆ ಒಂದೆರಡು ತಿಂಗಳಿಗೆ ಸಾಲುವ ಸರಳ ಅಳತೆ ಹೀಗಿದೆ:

- ಹೆಸರುಕಾಳು: 500 ಗ್ರಾಂ
- ಕಡಲೆಬೇಳೆ: 250 ಗ್ರಾಂ
- ಒಣಗಿದ ಗುಲಾಬಿ ಎಸಳು: 50 ಗ್ರಾಂ
- ಲಾವಂಚದ ಬೇರು: 25 ಗ್ರಾಂ
- ಗಂಧಕಚೋರ: 25 ಗ್ರಾಂ
- ಕಸ್ತೂರಿ ಅರಿಶಿನದ ಕೊಂಬು: 25 ಗ್ರಾಂ

ಲಾವಂಚ, ಕಚೋರ, ಕಸ್ತೂರಿ ಅರಿಶಿನಗಳು ಪೇಟೆಬೀದಿಯ ಗ್ರಂಥಿಗೆ ಅಂಗಡಿಗಳಲ್ಲಿ ದೊರೆಯುತ್ತವೆ. ಎಲ್ಲವನ್ನೂ ಇಡಿಯಾಗಿ ಕೊಳ್ಳುವುದು ಲೇಸು. ಪುಡಿಯಲ್ಲಿ ಏನು ಬೆರೆತಿದೆ ಎಂದು ಕಣ್ಣಿಗೆ ಕಾಣುವುದಿಲ್ಲ, ಕೊಂಬಿನಲ್ಲಿ ಕಲಬೆರಕೆಗೆ ಅವಕಾಶ ಕಡಿಮೆ. ಆದರೂ ಕೊಂಬು ಅತಿಯಾಗಿ ಹಳದಿ ಹೊಳೆಯುತ್ತಿದ್ದರೆ ಅನುಮಾನಿಸಬೇಕು. ಅರಿಶಿನಕ್ಕೆ ಹೊಳಪು ತರಲು ಸೀಸದ ಕ್ರೋಮೇಟ್ ಎಂಬ ವಿಷಕಾರಿ ಬಣ್ಣವನ್ನು ಬಳಸುತ್ತಿದ್ದದ್ದನ್ನು ಬಾಂಗ್ಲಾದೇಶದಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಅಧ್ಯಯನವೊಂದು ಬಯಲಿಗೆಳೆದಿತ್ತು. ಸೀಸವು ಬೆಳೆಯುವ ಮಕ್ಕಳ ಮಿದುಳಿಗೆ ಹಾನಿಕರ.

ಪದಾರ್ಥಗಳನ್ನು ಎರಡು ಮೂರು ದಿನ ಚೆನ್ನಾಗಿ ಒಣಗಿಸಬೇಕು. ಹೂವಿನ ಎಸಳನ್ನು ನೆರಳಿನಲ್ಲಿ, ಕಾಳು ಬೇರುಗಳನ್ನು ಬಿಸಿಲಿನಲ್ಲಿ. ಎಸಳು ಬೆರಳ ನಡುವೆ ಪುಡಿಯಾಗಬೇಕು, ಬೇರು ಬಾಗದೆ ಮುರಿಯಬೇಕು. ಅಲ್ಲಿಯವರೆಗೆ ಗಿರಣಿಗೆ ಒಯ್ಯಬಾರದು. ಗಿರಣಿಯವರನ್ನು ಇದಕ್ಕೆ ಮುಂಚೆ ಏನು ಬೀಸಿದ್ದೀರಿ ಎಂದು ಕೇಳಲು ಸಂಕೋಚ ಬೇಡ. ಮೆಣಸಿನಕಾಯಿ ಬೀಸಿದ ಯಂತ್ರದಿಂದ ಬಂದ ಸ್ನಾನದ ಪುಡಿ ಹಬ್ಬದ ಬೆಳಗನ್ನು ಕಣ್ಣೀರಿನ ಬೆಳಗಾಗಿಸುತ್ತದೆ.

ಬೀಸಿದ ಪುಡಿ ಬಿಸಿಯಾಗಿರುತ್ತದೆ. ಅದನ್ನು ಹಾಗೆಯೇ ಡಬ್ಬಿಗೆ ತುಂಬಿದರೆ ಒಳಗೆ ಬೆವರು ಕಟ್ಟುತ್ತದೆ. ಹರಡಿ, ಆರಿಸಿ, ಜರಡಿ ಹಿಡಿದು ನಂತರ ತುಂಬಬೇಕು. ದೊಡ್ಡ ಡಬ್ಬಿ ಅಡುಗೆಮನೆಯ ಒಣ ಕಪಾಟಿನಲ್ಲಿರಲಿ. ಬಚ್ಚಲುಮನೆಗೆ ವಾರಕ್ಕಾಗುವಷ್ಟನ್ನು ಮಾತ್ರ ಸಣ್ಣ ಡಬ್ಬಿಯಲ್ಲಿ ಒಣ ಚಮಚದೊಂದಿಗೆ ಇಡುವುದು ಸೂಕ್ತ. ಗಂಟುಕಟ್ಟಿದ, ಮುಗ್ಗಲು ವಾಸನೆ ಬಂದ, ಹುಳು ಹಿಡಿದ ಪುಡಿಯನ್ನು ಮತ್ತೆ ಬಿಸಿಲಿಗೆ ಹಾಕಿ ಉಳಿಸಿಕೊಳ್ಳುವ ಯತ್ನ ಬೇಡ.

ತಲೆಗೆ ಸೀಗೆ

ಸೀಗೆಪುಡಿಗೆ 500 ಗ್ರಾಂ ಸೀಗೆಕಾಯಿ, 100 ಗ್ರಾಂ ಬೀಜ ತೆಗೆದ ಅಂಟುವಾಳ, 100 ಗ್ರಾಂ ಮೆಂತ್ಯ, 100 ಗ್ರಾಂ ಒಣಗಿದ ನೆಲ್ಲಿಕಾಯಿ, ಒಂದು ಹಿಡಿ ಒಣಗಿಸಿದ ದಾಸವಾಳದ ಎಲೆ ಸಾಕು. ಮೆಂತ್ಯ ಮತ್ತು ದಾಸವಾಳದ ಎಲೆಗಳಲ್ಲಿರುವ ಲೋಳೆ ಕೂದಲಿಗೆ ನಯ ಕೊಡುತ್ತದೆ. ಅಂಟುವಾಳ ಹೆಚ್ಚಾದರೆ ಕೂದಲು ಒರಟಾಗುತ್ತದೆ. ಸೀಗೆಯನ್ನು ಜರಡಿ ಹಿಡಿಯುವಾಗ ಏಳುವ ದೂಳು ವಿಪರೀತ ಸೀನು ತರಿಸುತ್ತದೆ. ಮೂಗಿಗೆ ಬಟ್ಟೆ ಕಟ್ಟಿಕೊಳ್ಳಬೇಕು, ಉಬ್ಬಸವಿರುವವರು ಈ ಕೆಲಸದಿಂದ ದೂರವಿರಬೇಕು.

ದಾಸವಾಳದ ಹಸಿ ಎಲೆ ಕೈಗೆ ಸಿಗುವವರು ಅದನ್ನು ನೀರಿನಲ್ಲಿ ಕಿವುಚಿ ಲೋಳೆ ತೆಗೆದು ಅದೇ ಕ್ಷಣ ತಲೆಗೆ ಬಳಸಬಹುದು. ಲೋಳೆಸರವನ್ನು ಕತ್ತರಿಸಿದಾಗ ಮೊದಲು ಸುರಿಯುವ ಹಳದಿ ರಸ ಚರ್ಮಕ್ಕೆ ತುರಿಕೆ ತರುತ್ತದೆ. ಎಲೆಯನ್ನು ಸ್ವಲ್ಪ ಹೊತ್ತು ನೆಟ್ಟಗೆ ನಿಲ್ಲಿಸಿ ಆ ರಸ ಇಳಿದುಹೋದ ಮೇಲೆ, ತೊಳೆದು, ಒಳಗಿನ ತಿರುಳನ್ನು ಮಾತ್ರ ತೆಗೆಯಬೇಕು.

ಎಣ್ಣೆ: ಬತ್ತಿಯ ಪರೀಕ್ಷೆ

ಎಣ್ಣೆಯಲ್ಲಿ ನೀರಿಲ್ಲದಿದ್ದರೆ ಬ್ಯಾಕ್ಟೀರಿಯಾ ಬೆಳೆಯುವುದಿಲ್ಲ. ಆದರೆ ಕರಿಬೇವು, ದಾಸವಾಳ, ಒಂದೆಲಗ, ಗರುಗದ ಸೊಪ್ಪುಗಳನ್ನು ಹಸಿಯಾಗಿಯೇ ಎಣ್ಣೆಯಲ್ಲಿ ನೆನೆಸಿ ಬಾಟಲಿಗೆ ತುಂಬಿದರೆ ಸೊಪ್ಪಿನ ನೀರೂ ಬಾಟಲಿಗೆ ಸೇರುತ್ತದೆ. ಕೆಲ ದಿನಗಳಲ್ಲಿ ತಳದಲ್ಲಿ ಮಸುಕು, ಮೇಲೆ ಬೂಷ್ಟು ಕಾಣಿಸುವುದು ಇದರಿಂದ.

ಆದ್ದರಿಂದಲೇ ಹಿರಿಯರು ಎಣ್ಣೆಯನ್ನು ಕಾಯಿಸುತ್ತಿದ್ದರು. ಸೊಪ್ಪನ್ನು ತೊಳೆದು, ಒಂದು ದಿನ ನೆರಳಿನಲ್ಲಿ ಬಾಡಿಸಿ, ದಪ್ಪ ತಳದ ಪಾತ್ರೆಯಲ್ಲಿ ಕೊಬ್ಬರಿ ಎಣ್ಣೆಯೊಂದಿಗೆ ಸಣ್ಣ ಉರಿಯಲ್ಲಿ ಕಾಯಿಸಬೇಕು. ಮೊದಲು ಗುಳ್ಳೆಗಳು ಏಳುತ್ತವೆ, ಚಿಟಪಟ ಸದ್ದು ಕೇಳುತ್ತದೆ. ಅದು ನೀರು ಆವಿಯಾಗುವ ಸದ್ದು. ಸದ್ದು ಅಡಗಿ, ಎಲೆ ಗರಿಗರಿಯಾದಾಗ ಇಳಿಸಬೇಕು. ನೀರು ಪೂರ್ತಿ ಹೋಯಿತೇ ಎಂದು ತಿಳಿಯಲು ಆಯುರ್ವೇದದ ತೈಲಪಾಕದಲ್ಲಿ ಒಂದು ಸರಳ ಪರೀಕ್ಷೆಯಿದೆ. ಹತ್ತಿಯ ಬತ್ತಿಯನ್ನು ಆ ಎಣ್ಣೆಯಲ್ಲಿ ಅದ್ದಿ ಹಚ್ಚಿದಾಗ ಅದು ಸದ್ದಿಲ್ಲದೆ ಉರಿಯಬೇಕು. ಚಿಟಗುಟ್ಟಿದರೆ ನೀರಿನಂಶ ಇನ್ನೂ ಉಳಿದಿದೆ ಎಂದರ್ಥ. ಇದನ್ನು ಹಿರಿಯರೇ ಒಲೆಯಿಂದ ದೂರದಲ್ಲಿ, ತಣಿದ ಎಣ್ಣೆಯ ಕೆಲವೇ ಹನಿಗಳಿಂದ ಮಾಡತಕ್ಕದ್ದು. ಮಕ್ಕಳು ನೋಡಲಿ, ಮುಟ್ಟುವುದು ಬೇಡ.

ತಲೆಗೆ ಕೊಬ್ಬರಿ ಎಣ್ಣೆಯೇ ಏಕೆ ಎಂಬುದಕ್ಕೂ ಉತ್ತರವಿದೆ. ಕೊಬ್ಬರಿ ಎಣ್ಣೆ, ಸೂರ್ಯಕಾಂತಿ ಎಣ್ಣೆ ಹಾಗೂ ಖನಿಜ ಎಣ್ಣೆಗಳನ್ನು ಹೋಲಿಸಿ ಭಾರತೀಯ ವಿಜ್ಞಾನಿಗಳು 2003ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೊಳೆಯುವಾಗ ಕೂದಲಿನಿಂದ ನಷ್ಟವಾಗುವ ಪ್ರೋಟೀನನ್ನು ಗಣನೀಯವಾಗಿ ತಗ್ಗಿಸಿದ್ದು ಕೊಬ್ಬರಿ ಎಣ್ಣೆ ಮಾತ್ರ. ಅದರಲ್ಲಿರುವ ಲಾರಿಕ್ ಆಮ್ಲದ ಕಣ ಚಿಕ್ಕದಾಗಿ, ನೇರವಾಗಿ ಇರುವುದರಿಂದ ಕೂದಲಿನ ಒಳಕ್ಕೆ ಇಳಿಯಬಲ್ಲದು. ಆದರೆ ಬೋಳಾದ ಕಡೆ ಕೂದಲು ಹುಟ್ಟಿಸುವ ಶಕ್ತಿ ಅದಕ್ಕಿದೆ ಎಂದು ನಂಬುವುದು ತಪ್ಪು. ತಲೆಯಲ್ಲಿ ಹೊಟ್ಟು ಹೆಚ್ಚಿರುವವರು ಎಣ್ಣೆಯನ್ನು ರಾತ್ರಿಯಿಡೀ ಬಿಡದಿರುವುದು ಒಳ್ಳೆಯದು, ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರಕ್ಕೆ ಜಿಡ್ಡೇ ಆಹಾರ. ಮೊಡವೆಯಿರುವ ಮುಖಕ್ಕೂ ಕೊಬ್ಬರಿ ಎಣ್ಣೆ ಹಿತವಲ್ಲ.

ಎಲ್ಲಿ ಎಚ್ಚರ ಬೇಕು?

ಗಿಡಮೂಲಿಕೆ ಎಂದಾಕ್ಷಣ ನಿರಪಾಯಕಾರಿ ಎಂದು ತಿಳಿಯಬಾರದು. ಗಮನಿಸಬೇಕಾದ ಅಂಶಗಳು:

- ನಿಂಬೆರಸವನ್ನು ಚರ್ಮಕ್ಕೆ ಹಚ್ಚಿ ಬಿಸಿಲಿಗೆ ಹೋದರೆ ಸುಟ್ಟಂತೆ ಗುಳ್ಳೆ, ಆಮೇಲೆ ಕಪ್ಪು ಕಲೆ ಉಂಟಾಗಬಹುದು. ಕೆಲವು ಸ್ನಾನಪುಡಿಗಳಿಗೆ ಸೇರಿಸುವ ಬಾವಂಚಿಯಲ್ಲಿರುವ ಸೊರಾಲೆನ್ ಕೂಡ ಬಿಸಿಲು ಸೇರಿದಾಗ ಚರ್ಮವನ್ನು ಸುಡುತ್ತದೆ. ವೈದ್ಯರ ಸಲಹೆಯಿಲ್ಲದೆ ಅದನ್ನು ಬಳಸಬಾರದು.

- ಮದರಂಗಿಯ ಸಹಜ ಬಣ್ಣ ಕೆಂಪು ಮಿಶ್ರಿತ ಕಂದು. ಕೆಲವೇ ನಿಮಿಷಗಳಲ್ಲಿ ಕಪ್ಪು ಬಣ್ಣ ಬಿಡುವ ‘ಕಪ್ಪು ಮೆಹಂದಿ’ಗೆ ಸಾಮಾನ್ಯವಾಗಿ ಪಿಪಿಡಿ ಎಂಬ ಕೃತಕ ವರ್ಣಕ ಸೇರಿರುತ್ತದೆ. ಅದು ತೀವ್ರ ಅಲರ್ಜಿ ತರಬಲ್ಲದು. ಮಕ್ಕಳ ಕೈಗೆ ಅದು ಸರ್ವಥಾ ಬೇಡ.

- ಎಳೆಗೂಸಿನ ಕಣ್ಣಿಗೆ ಕಾಡಿಗೆ ಹಚ್ಚುವುದನ್ನು ಮಕ್ಕಳ ತಜ್ಞರು ಒಪ್ಪುವುದಿಲ್ಲ. ಮಾರುಕಟ್ಟೆಯ ಕೆಲವು ಕಾಡಿಗೆ, ಸುರ್ಮಾಗಳಲ್ಲಿ ಸೀಸವಿರುವುದು ಪತ್ತೆಯಾಗಿದೆ. ಮನೆಯ ದೀಪದ ಕಪ್ಪಿನಲ್ಲಿ ಸೀಸವಿಲ್ಲದಿದ್ದರೂ ಬೆರಳಿನ ಮೂಲಕ ಸೋಂಕು ತಗಲಬಹುದು.

- ಮನೆಯಲ್ಲಿ ಸಾಬೂನು ತಯಾರಿಸಲು ಕಾಸ್ಟಿಕ್ ಸೋಡಾ ಬೇಕು. ಅದು ಚರ್ಮವನ್ನೂ ಕಣ್ಣನ್ನೂ ಸುಡುವ ವಸ್ತು. ಮಕ್ಕಳೊಂದಿಗೆ ಕೂತು ಮಾಡುವ ಕೆಲಸ ಅದಲ್ಲ.

- ಹೊಸ ಪುಡಿಯನ್ನು ಮೊದಲು ಮುಂಗೈಯ ಒಳಬದಿಗೆ ಸ್ವಲ್ಪ ಹಚ್ಚಿ ಎರಡು ದಿನ ಕಾಯಬೇಕು. ಕೆಂಪಾಗದಿದ್ದರೆ, ತುರಿಸದಿದ್ದರೆ ಮುಂದುವರಿಯಬಹುದು. ಗಾಯ, ಇಸುಬು ಇರುವ ಚರ್ಮಕ್ಕೆ ಮನೆಯ ಲೇಪ ಬೇಡ.

ಕಡಲೆಹಿಟ್ಟು, ಅರಿಶಿನಗಳಿಂದ ಮಗು ಬೆಳ್ಳಗಾಗುತ್ತದೆ ಎಂಬ ನಂಬಿಕೆಯನ್ನೂ ಇದೇ ಪಟ್ಟಿಗೆ ಸೇರಿಸಬಹುದು. ಚರ್ಮದ ಬಣ್ಣ ಹುಟ್ಟಿನಿಂದ ಬಂದದ್ದು. ಉಜ್ಜಿದರೆ ಕೊಳೆ ಹೋಗುತ್ತದೆ, ಬಣ್ಣವಲ್ಲ. ಶಿಶುವಿನ ಮೃದು ಚರ್ಮವನ್ನು ಹಿಟ್ಟಿನಿಂದ ಬಲವಾಗಿ ತಿಕ್ಕುವುದು ಗೀರು, ಸೋಂಕುಗಳಿಗೆ ದಾರಿಯಾಗುತ್ತದೆ.

ಮನೆಮಂದಿಗಾಗಿ ಮಾಡಿಕೊಳ್ಳಲು ಯಾರ ಅಪ್ಪಣೆಯೂ ಬೇಡ. ಆದರೆ ಅದೇ ಪುಡಿಗೆ ಚೀಟಿ ಅಂಟಿಸಿ ಮಾರಲು ಹೊರಟರೆ 1940ರ ಔಷಧ ಮತ್ತು ಕಾಂತಿವರ್ಧಕಗಳ ಕಾಯ್ದೆ ಅನ್ವಯವಾಗುತ್ತದೆ, ತಯಾರಿಕೆಗೆ ಪರವಾನಗಿ ಅಗತ್ಯ. ಕಾಂತಿವರ್ಧಕಗಳಿಗೆಂದೇ 2020ರಲ್ಲಿ ಪ್ರತ್ಯೇಕ ನಿಯಮಗಳೂ ಬಂದಿವೆ.

ಕಾಡಿನಿಂದ ಡಬ್ಬಿಯವರೆಗೆ

ಗ್ರಂಥಿಗೆ ಅಂಗಡಿಯ ಗೋಣಿಚೀಲದಲ್ಲಿ ಕಾಣುವ ಸೀಗೆ ಮತ್ತು ಅಂಟುವಾಳಗಳಲ್ಲಿ ಬಹುಪಾಲು ಕಾಡಿನ ಉತ್ಪನ್ನ. ಚಾಮರಾಜನಗರ ಜಿಲ್ಲೆಯ ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆಮಾರುಗಳಿಂದ ಸೀಗೆ, ಅಂಟುವಾಳ, ನೆಲ್ಲಿ, ಜೇನುಗಳನ್ನು ಸಂಗ್ರಹಿಸಿದವರು. ಗಿರಿಜನರ ಲ್ಯಾಂಪ್ಸ್ ಸಹಕಾರ ಸಂಘಗಳ ಮೂಲಕ ಅದು ಮಾರುಕಟ್ಟೆಗೆ ಬರುತ್ತಿತ್ತು. ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ 2002ರಲ್ಲಿ ಆದ ತಿದ್ದುಪಡಿಯ ನಂತರ ಅಭಯಾರಣ್ಯದೊಳಗೆ ಮಾರಾಟಕ್ಕಾಗಿ ಸಂಗ್ರಹಿಸುವುದಕ್ಕೆ ತಡೆ ಬಿದ್ದು ಅವರ ಆದಾಯಕ್ಕೆ ಪೆಟ್ಟಾಯಿತು. 2006ರ ಅರಣ್ಯ ಹಕ್ಕು ಕಾಯ್ದೆಯಡಿ ಅಲ್ಲಿನ ಸೋಲಿಗರ ಸಮುದಾಯ ಹಕ್ಕುಗಳಿಗೆ ಮಾನ್ಯತೆ ದೊರೆತದ್ದು 2011ರಲ್ಲಿ. ನಗರದ ಬಚ್ಚಲಿನ ಒಂದು ಹಿಡಿ ಪುಡಿಯ ಹಿಂದೆ ಮುಳ್ಳಿನ ಬಳ್ಳಿಯಿಂದ ಕಾಯಿ ಬಿಡಿಸಿದ ಕೈಗಳಿವೆ ಎಂಬುದನ್ನು ಮಕ್ಕಳಿಗೆ ತಿಳಿಸುವುದೂ ಈ ಕೆಲಸದ ಒಂದು ಭಾಗ.

ಎಲ್ಲರಿಗೂ ಒಂದೊಂದು ಕೆಲಸ

ಕುಟುಂಬ ಸಮೇತ ಮಾಡುವಾಗ ಕೆಲಸ ಹಂಚುವುದು ಸುಲಭ. ಕಾಳು ಆರಿಸುವುದು, ಗುಲಾಬಿ ಎಸಳು ಬಿಡಿಸುವುದು, ಅಂಟುವಾಳದ ಕರಿಯ ಬೀಜ ಎಣಿಸುವುದು ಚಿಕ್ಕವರಿಗೆ. ತೂಗುವುದು, ಗಿರಣಿಗೆ ಒಯ್ಯುವುದು ದೊಡ್ಡ ಮಕ್ಕಳಿಗೆ. ಒಲೆ ಮತ್ತು ಎಣ್ಣೆ ಹಿರಿಯರಿಗೆ. ಅಜ್ಜಿಯ ಅಳತೆ ಹಿಡಿ, ಬೊಗಸೆ, ಚಿಟಿಕೆಗಳಲ್ಲಿ ಇರುತ್ತದೆ. ಅವರು ಹಾಕುವ ಹಿಡಿಯನ್ನು ತಕ್ಕಡಿಯಲ್ಲಿಟ್ಟು ಗ್ರಾಂ ಲೆಕ್ಕದಲ್ಲಿ ಬರೆದಿಡುವುದು ಮನೆಯ ಯುವಕರು ಮಾಡಬಹುದಾದ ಒಳ್ಳೆಯ ಕೆಲಸ. ಬರೆಯದೆ ಹೋದ ಅಳತೆ ಆ ಕೈಯೊಂದಿಗೇ ಹೋಗುತ್ತದೆ.

ಈ ಬಾರಿಯ ಹಬ್ಬಕ್ಕೆ ಅಕ್ಕನ ಮನೆಯಲ್ಲಿ ಪುಡಿ ಸಿದ್ಧವಾದಾಗ ನಮ್ಮ ಅಮ್ಮ ಹಳ್ಳಿಯಿಂದ ಬಂದು ಮುಂದೆ ಕುಳಿತಿದ್ದರು. ‘ಅಮ್ಮಮ್ಮ, ಇದನ್ನು ಎಷ್ಟು ದಿನ ಇಡಬಹುದು?’ ಎಂದು ಮೊಮ್ಮಗಳು ಕೇಳಿದಳು. ‘ಒಣಗಿರೋವಷ್ಟು ದಿನ ಇಡು ಮಗಾ. ನೀರು ಸೋಕಿದ ಮೇಲೆ ಅವತ್ತಿಗೆ ಮುಗೀತು’ ಎಂದರು ಅಮ್ಮ. ಹುಡುಗಿ ಡಬ್ಬಿಯ ಮೇಲೆ ಒಂದು ಚೀಟಿ ಅಂಟಿಸಿದಳು. ಅದರಲ್ಲಿ ಪದಾರ್ಥಗಳ ಹೆಸರಿಗಿಂತ ಮೊದಲು ಬರೆದದ್ದು ಬೀಸಿಸಿದ ದಿನಾಂಕ.